ಮಸ್ಕತ್ತಿನ ಗಾರ್ಡು, ನಮ್ಮ ಓಣಿಯ ಜಾಳಿಗೆ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಮನೆ ಬೆಳಗಾವಿಯಲ್ಲಿ, ನಾನು ಕಲಿಸುತ್ತಿದ್ದ ಶಾಲೆ ಖಾನಾಪುರದಲ್ಲಿ. ಬೆಳಗಿನ ಬಸ್ಸು ಮನಸ್ಸಾದರೆ ಹೊರಡುತ್ತಿತ್ತು. ಖಾನಾಪುರದಲ್ಲೇ ಕೆಲಸಕ್ಕಿದ್ದ ಗಂಡನ ಮೋಟಾರ್‌ಸೈಕಲ್ಲಿನಿಂದಾಗಿ ನನ್ನ ನೌಕರಿ ಉಳಿದಿತ್ತು. ಎರಡೂ ಕಾಲು ಎಡಕ್ಕೆ ಇಳಿಬಿಟ್ಟು, ಮಡಿಲಲ್ಲಿ ಚೀಲ ಇಟ್ಟುಕೊಂಡು ಹಿಂದೆ ಕೂರುತ್ತಿದ್ದೆ.

ಮಸ್ಕತ್ತಿನಲ್ಲಿದ್ದ ಭಾವ, ಗಂಡನ ಅಣ್ಣ, ರಜೆಗೆ ಬಂದಾಗ ಗಾಡಿಯ ಹಿಂದಿನ ಗಾಲಿಯ ಎರಡೂ ಪಕ್ಕಕ್ಕೆ ಕಟ್ಟುವ ಫಾರಿನ್ ಗಾರ್ಡು ತಂದರು. ಜೊತೆಗೆ ಕಾಲಿಡಲು ಎರಡೂ ಪಕ್ಕಕ್ಕೆ ಗಿಡ್ಡ ರಾಡು. ಎಲ್ಲವೂ ಥಳಥಳ. ಅತ್ತೆ ಕುಂಕುಮ ಹಚ್ಚಿ ಕಾಯಿ ಒಡೆಸಿದರು. ನಾನಂತೂ ಹಿಗ್ಗಿ ಹೀರೇಕಾಯಿಯಾದೆ. ಅದಕ್ಕೆ ಜಾಗ ಮಾಡಲು, ಸೀರೆ ಗಾಲಿಗೆ ಸಿಗದಂತೆ ಕಾಯುತ್ತಿದ್ದ ಹಳೆಯ ಜಾಳಿಗೆಯನ್ನು ಬಿಚ್ಚಿ ಗುಜರಿಗೆ ಹಾಕಿದೆವು.

ಮರುವಾರ ಶಾಲೆಗೆ ಹೋಗುವಾಗ ಪೀರನವಾಡಿ ದಾಟುತ್ತಲೇ ನನ್ನ ಸೆರಗು ಹಿಂದಿನ ಗಾಲಿಗೆ ಸಿಕ್ಕಿತು. ಗಂಡ ಗಕ್ಕನೆ ನಿಲ್ಲಿಸಿದರು. ನಾನು ಉಳಿದೆ, ಸೀರೆ ಹರಿಯಿತು. ಮನೆಗೆ ಮರಳಿದಾಗ ಹರಿದ ಸೆರಗನ್ನು ಕೈಯಲ್ಲಿ ಹಿಡಿದು ಅತ್ತೆ, "ಸಾಕು ಬಿಡವಾ ಈ ನೌಕರಿ," ಅಂದರು. ಗಂಡ ಅತ್ತ ತಿರುಗಿ ಗಾಲಿಗೆ ಸುತ್ತಿದ ದಾರ ಬಿಡಿಸುತ್ತ ಕೂತರು. ನನಗೆ ಇಬ್ಬರ ಮೇಲೂ ಸಿಟ್ಟು ನೆತ್ತಿಗೇರಿತು. ಗಂಡನ ಕೈಯಲ್ಲೇ ಗಾಡಿ ತಳ್ಳಿಸಿಕೊಂಡು ಓಣಿಯ ವೆಲ್ಡಿಂಗ್ ಮಿಸ್ತ್ರಿಯ ಅಂಗಳಕ್ಕೆ ಹೋಗಿ, ಹೊಸ ಜಾಳಿಗೆ ಮಾಡಿಕೊಡಿ ಎಂದೆ.

"ಫಾರಿನ್ನಾಗ ಹೆಣ್ಣಮಕ್ಕಳು ಎರಡೂ ಬಾಜು ಕಾಲ ಹಾಕಿ ಕುಂದರ್ತಾರ್ರಿ ಅಕ್ಕೋರ. ಇದು ಅವರಿಗಂತ ಮಾಡಿದ್ದು," ಎಂದು ಮಿಸ್ತ್ರಿ ನಕ್ಕರು. ಆದರೆ ನನ್ನ ಕಾಲಿನ ಅಳತೆಗೆ ಅವರು ಕೈ ಹಾಕಲಿಲ್ಲ. ಮನೆಯೊಳಗಿದ್ದ ಹೆಂಡತಿಯನ್ನು ಕರೆದು, ನನ್ನ ಗಂಡನ ಜೊತೆ ಹೊರಗೆ ಹೋಗಿ ರಸ್ತೆಗೆ ಮುಖ ಮಾಡಿ ನಿಂತರು.

ಆಕೆ ಅಂಗಳದ ಬಾಗಿಲು ಎಳೆದುಕೊಂಡರು. "ಚೀಲ ಮಡಿಲಾಗ ಇಟಗೋರಿ. ದಿನಾ ಹೆಂಗ ಕುಂದರ್ತೀರಿ ಹಂಗ ಕುಂದರ್ರಿ," ಅಂದರು. ಲಂಗದ ಹಳೆಯ ಲಾಡಿಯೊಂದನ್ನು ಸೀಟಿನಿಂದ ನನ್ನ ಪಾದದ ತನಕ ಹಿಡಿದು ಗಂಟು ಹಾಕಿದರು. ಸೆರಗು ಇಳಿಯುವ ಕಡೆ ಇನ್ನೊಂದು ಗಂಟು. ಆಮೇಲೆ ತಾವೂ ಒಮ್ಮೆ ಹತ್ತಿ ಕೂತು ಬಿದ್ದು ಬಿದ್ದು ನಕ್ಕರು. ಮಿಸ್ತ್ರಿ ಕೆಲಸ ಮಾಡಿದ್ದು ಆ ಲಾಡಿ ನೋಡಿಕೊಂಡೇ.

ದೊಡ್ಡ ಮಗ ತಂದದ್ದನ್ನು ಪೂರಾ ಬಿಚ್ಚಿಸಲು ಅತ್ತೆ ಒಪ್ಪಲಿಲ್ಲ. ಹೀಗಾಗಿ ಬಲಕ್ಕೆ ಮಸ್ಕತ್ತು, ಎಡಕ್ಕೆ ಬೆಳಗಾವಿ ಕಟ್ಟಿಕೊಂಡು ಗಾಡಿ ಮನೆಗೆ ಬಂತು. ಎಡಗಡೆ ಗಾಲಿ ಮುಚ್ಚುವ ಕರಿ ಜಾಳಿಗೆ, ಕೆಳಗೆ ಎರಡೂ ಪಾದ ಒಟ್ಟಿಗೆ ಊರುವಷ್ಟು ಅಗಲದ ಪಟ್ಟಿ. ಚಂದವೇನೂ ಇರಲಿಲ್ಲ. ಆದರೆ ಆಮೇಲೆ ನಾನು ಉಂಡ ನೌಕರಿಯ ಅನ್ನದಲ್ಲೆಲ್ಲ ಆ ಗಂಡ ಹೆಂಡತಿಯ ಋಣವಿದೆ.

ಮರುದಿನ ಬೆಳಿಗ್ಗೆ ಚೀಲ ಹಿಡಿದು ಹೊರಬಂದರೆ, ಹುಟ್ಟಿದಾಗಿನಿಂದ ಮೋಟಾರ್‌ಸೈಕಲ್ ಮುಟ್ಟದ ಅತ್ತೆ ಇಳಕಲ್ ಸೀರೆ ಉಟ್ಟು ಗಂಡನ ಹಿಂದೆ ನನ್ನ ಜಾಗದಲ್ಲಿ ಕೂತಿದ್ದರು. ಸೆರಗನ್ನು ಬೇಕಂತಲೇ ಇಳಿಬಿಟ್ಟಿದ್ದರು.

"ಅತ್ತೀ, ಇದೇನ್ರಿ?"

"ಪೀರನವಾಡಿ ತನಕ ಹೋಗಿ ಬರ್ತೀನಿ. ಸಿಕ್ಕರ ನನ್ನ ಸೆರಗ ಸಿಗಲಿ."

ಅವರು ಬರುವ ತನಕ ನಾನು ಹೊಸ್ತಿಲು ಬಿಟ್ಟು ಕದಲಲಿಲ್ಲ. ಬಂದಾಗ ಕೂದಲು ಕೆದರಿತ್ತು, ಗಾಳಿಗೆ ಕಣ್ಣಲ್ಲಿ ನೀರು ಬಂದಿತ್ತು. ಇಳಿದವರೇ ಸೆರಗನ್ನು ಅಂಚಿನ ತನಕ ಬಿಡಿಸಿ ನೋಡಿದರು. ಎಲ್ಲೂ ಹರಿದಿರಲಿಲ್ಲ. ನನ್ನ ಸೆರಗನ್ನು ತಾವೇ ಸೊಂಟಕ್ಕೆ ಸಿಗಿಸಿದರು.

"ಲಗೂನ ಏರವಾ," ಅಂದರು. "ಸಾಲಿ ಗಂಟಿ ಹೊಡೀತೈತಿ."