ಒಣಗಿದ ಮೇಲೆ ತಿಳಿಯಾಗುವ ಬಣ್ಣ

ಎಪ್ಪತ್ತರ ದಶಕದ ನಡುವೆ, ಎಸ್ಸೆಸ್ಸೆಲ್ಸಿ ಪಾಸು ಮಾಡಿ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದು ಸುಳ್ಳು. ಅವ್ವನ ಜೊತೆ ಚಿತ್ರದುರ್ಗದ ಮನೆಮನೆಗೆ ಸುಣ್ಣ ಬಳಿಯಲು ಹೋಗುತ್ತಿದ್ದೆ. ಹಿತ್ತಿಲ ಬಾಗಿಲಿಂದ ಒಳಗೆ ಹೋಗಬೇಕು. ಗೋಡೆ ಮುಟ್ಟಬಹುದು, ನೀರಿನ ಚೊಂಬು ಮುಟ್ಟುವಂತಿಲ್ಲ. ಗೋಡೆಗೆ ಮಾತ್ರ ಮೈಲಿಗೆ ಆಗುವುದಿಲ್ಲ ಅನ್ನುವ ಶಾಸ್ತ್ರ ಯಾರು ಬರೆದರೋ ಗೊತ್ತಿಲ್ಲ.

ಊರಿನ ಮಹಿಳಾ ಸಮಾಜದಲ್ಲಿ ಕೇಕ್ ತರಗತಿ ಶುರುವಾದಾಗ ಹಟ ಹಿಡಿದು ಸೇರಿಕೊಂಡೆ. ಕಲಿಸುತ್ತಿದ್ದವರು ಒಬ್ಬ ಇಂಜಿನಿಯರರ ಹೆಂಡತಿ. ಎಲ್ಲರೂ ಅಮ್ಮಾವ್ರು ಅನ್ನುತ್ತಿದ್ದೆವು. ಮರಳು ಹಾಕಿದ ಪಾತ್ರೆಯನ್ನು ಸೀಮೆಎಣ್ಣೆ ಸ್ಟೋವಿನ ಮೇಲಿಟ್ಟು, ಅದರಲ್ಲಿ ಪುಟ್ಟ ಬಟ್ಟಲುಗಳನ್ನು ಜೋಡಿಸಿ ಕಪ್ ಕೇಕ್ ಬೇಯಿಸುತ್ತಿದ್ದೆವು. ವನಸ್ಪತಿಗೆ ಸಕ್ಕರೆ ಪುಡಿ ಸೇರಿಸಿ, ರಟ್ಟೆ ಬಿದ್ದುಹೋಗುವಷ್ಟು ತಿಕ್ಕಿದರೆ ಐಸಿಂಗ್. ಅದಕ್ಕೆ ಮಿಠಾಯಿ ಬಣ್ಣವನ್ನು ಚಮಚೆ ನೀರಿನಲ್ಲಿ ಕರಗಿಸಿ, ಹನಿಹನಿಯಾಗಿ ಬಿಟ್ಟು ಕಲಸಬೇಕು. ಬಣ್ಣದ ವಿಷಯದಲ್ಲಿ ನನ್ನ ಕೈ ಚೆನ್ನಾಗಿತ್ತು. ಸುಣ್ಣಕ್ಕೆ ನೀಲಿ, ಹಳದಿ, ಕೆಮ್ಮಣ್ಣು ಬೆರೆಸಿ ಬೆಳೆದವಳಲ್ಲವೇ.

ಆ ವರ್ಷ ತರಗತಿಗೆ ಒಬ್ಬ ಸಹಾಯಕಿಯನ್ನು ತೆಗೆದುಕೊಳ್ಳುವುದಿತ್ತು. "ಸಮಾಜದ ವಾರ್ಷಿಕೋತ್ಸವದ ಕೇಕಿಗೆ ಬಣ್ಣ ನೀನೇ ಕಲಸು. ತಿಳಿಗುಲಾಬಿ ಇರಬೇಕು. ಚೆನ್ನಾಗಿ ಬಂದರೆ ಕೆಲಸಕ್ಕೆ ನಿನ್ನ ಹೆಸರೇ ಹೇಳ್ತೀನಿ" ಅಂದರು ಅಮ್ಮಾವ್ರು. ನಮ್ಮ ಕೇರಿಯವಳು ಕಲಸಿದ್ದನ್ನು ಊರ ಹೆಂಗಸರು ಬಾಯಿಗೆ ಇಡುತ್ತಾರೆ! ನನಗೆ ಸಂಬಳಕ್ಕಿಂತ ಅದೇ ದೊಡ್ಡದಾಗಿ ಕಂಡಿತು.

ಹಿಂದಿನ ದಿನ ಸಂಜೆಯೇ ಕಲಸಿಟ್ಟೆ. ಅಮ್ಮಾವ್ರು ಪಾತ್ರೆಗೆ ಬಗ್ಗಿ ನೋಡಿದರು. "ಸ್ವಲ್ಪ ಗಾಢ ಆಯ್ತೇನೇ?"

"ಹಸಿ ಇದ್ದಾಗ ಹಂಗೇ ಕಾಣ್ತೈತ್ರಿ. ಒಣಗಿದ್ಮೇಲೆ ತಿಳಿ ಆಗ್ತೈತೆ" ಅಂದೆ.

ಅದು ಅವ್ವನ ಮಾತು. ಸುಣ್ಣ ಒಣಗಿದರೆ ಬಣ್ಣ ಇಳಿಯುತ್ತದೆ. ಅದಕ್ಕೇ ಬಕೆಟ್ಟಿನಲ್ಲಿ ಬಣ್ಣ ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಇರಬೇಕು. ಆದರೆ ವನಸ್ಪತಿಯಲ್ಲಿ ಕಲಸಿದ ಬಣ್ಣ ಹೊತ್ತು ಕಳೆದಷ್ಟೂ ಏರುತ್ತದೆ. ತರಗತಿಯಲ್ಲಿ ಕಲಸಿದ್ದನ್ನು ಅಲ್ಲೇ ಹಚ್ಚಿ, ಅಲ್ಲೇ ತಿಂದು ಮುಗಿಸುತ್ತಿದ್ದುದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬೆಳಿಗ್ಗೆ ಮುಚ್ಚಿದ ಬಟ್ಟೆ ತೆಗೆದರೆ ತಿಳಿಗುಲಾಬಿ ಇರಲಿಲ್ಲ, ಹಸಿಮಾಂಸದ ಕೆಂಪು ಇತ್ತು. ಬೇರೆ ಮಾಡಲು ಸಕ್ಕರೆಯೂ ಇಲ್ಲ, ಹೊತ್ತೂ ಇಲ್ಲ. ಅದನ್ನೇ ಹಚ್ಚಿದೆವು. ಮಕ್ಕಳು ತುಟಿ ಕೆಂಪು ಮಾಡಿಕೊಂಡು ತಿಂದವು. ಹೆಂಗಸರು ಮುಟ್ಟಲಿಲ್ಲ. "ಕೆಮ್ಮಣ್ಣು ಸಾರಿಸ್ದಂಗೈತೆ ನೋಡ್ರಿ" ಎಂದು ಒಬ್ಬಾಕೆ ನಕ್ಕಳು. ಅಮ್ಮಾವ್ರು ನಗಲಿಲ್ಲ. "ಗೋಡೆ ಬಳಿಯೋ ಕೈಗೆ ತಿನ್ನೋ ಪದಾರ್ಥ ಕೊಟ್ಟಿದ್ದು ನನ್ನದೇ ತಪ್ಪು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಸಂಜೆ ಅವರು ಬಗ್ಗಿ ನೋಡಿದ್ದು, ಸುಮ್ಮನಾಗಿದ್ದು, ಯಾವುದೂ ಅವರ ನೆನಪಿನಲ್ಲಿ ಇರಲಿಲ್ಲ. ಕೇಕ್ ಹಾಳಾದದ್ದಕ್ಕೆ ಬೈದಿದ್ದರೆ ಸಹಿಸುತ್ತಿದ್ದೆ. ಕೈಯನ್ನೇ ಬೈದರು. ಇವತ್ತಿಗೂ ಆ ಹೆಂಗಸನ್ನು ನಾನು ಕ್ಷಮಿಸಿಲ್ಲ. ಸಹಾಯಕಿಯ ಕೆಲಸ ಬೇರೆ ಹುಡುಗಿಗೆ ಹೋಯಿತು.

ಅವರಿಗೆ ಎದುರಾಡುವ ಧೈರ್ಯ ನನಗಿರಲಿಲ್ಲ. ಸಿಟ್ಟನ್ನೆಲ್ಲ ಮನೆಗೆ ಹೊತ್ತು ತಂದೆ. ಅವ್ವ ಕತ್ತಾಳೆ ನಾರಿನ ಕುಂಚ ತೊಳೆಯುತ್ತಾ ಕೂತಿದ್ದಳು. ನಡೆದದ್ದನ್ನೆಲ್ಲ ಕೇಳಿಸಿಕೊಂಡು, "ಹೆಂಚಿನ ಚೂರಿಗೆ ಒಂದೀಟು ಹಚ್ಚಿ ನೋಡಿದ್ದೇನವ್ವ?" ಅಂದಳು. ಯಾವ ಗೋಡೆಯಾಗಲಿ, ಅವ್ವ ಮೊದಲು ಹೆಂಚಿಗೆ ಹಚ್ಚಿ ಬಿಸಿಲಿಗಿಟ್ಟು ನೋಡದೆ ಕುಂಚ ಎತ್ತುತ್ತಿರಲಿಲ್ಲ. ನಾನು ಅರ್ಧ ವಿದ್ಯೆ ಕಲಿತಿದ್ದೆ. ಅದು ಆ ಕ್ಷಣವೇ ನನಗೆ ಹೊಳೆಯಿತು. ಹೊಳೆದದ್ದಕ್ಕೇ ಇನ್ನಷ್ಟು ಉರಿಯಿತು.

"ನಿನ್ನ ಮಾತು ನಂಬೇ ನಾನು ಹಾಳಾಗಿದ್ದು. ಗೋಡೆ ಬಿಟ್ರೆ ನಿಂಗೇನು ಗೊತ್ತೈತೆ? ಬಣ್ಣ ಅಂದ್ರೇನು ಅಂತ ಗೊತ್ತೇನು ನಿಂಗೆ?"

ಅವ್ವ ಕುಂಚ ಕೊಡವಿ ಗೂಟಕ್ಕೆ ಸಿಕ್ಕಿಸಿ, ಒಲೆ ಹಚ್ಚಲು ಹೋದಳು.

ಯುಗಾದಿ ಬಂತು. ಮತ್ತೆ ಇಬ್ಬರೂ ಸುಣ್ಣಕ್ಕೆ ಹೊರಟೆವು. ಭರಮಸಾಗರದ ಕಡೆಯ ಒಂದು ದೊಡ್ಡ ಮನೆ. ನಡುಮನೆಗೆ ತಿಳಿನೀಲಿ ಬೇಕೆಂದಿದ್ದರು. ಅವ್ವ ನೀಲಿ ಬೆರೆಸಿದಳು, ಕದಡಿದಳು. ಹೆಂಚಿನ ಚೂರು ಅವಳ ಕಾಲ ಬುಡದಲ್ಲೇ ಇತ್ತು. ಅದನ್ನು ಎತ್ತಿಕೊಳ್ಳದೆ, ಎರಡೂ ಕೈಯಲ್ಲಿ ಬಕೆಟ್ ಹಿಡಿದು ನನ್ನ ಮುಂದೆ ತಂದಿಟ್ಟಳು.

"ಇಷ್ಟು ಸಾಕೇನು ನೋಡವ್ವ. ನಂಗೆ ಗೊತ್ತಾಗಲ್ಲ" ಅಂದಳು.

ಅಣಕ ಇರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದಳು. ನಾನು ಬಕೆಟ್ಟಿನ ಕಡೆ ನೋಡದೆ, ಸಾಕು ಅಂದೆ.