ಬಸಿಲಿಸಾಳ ಕೊನೆಯ ತುಂಡು

ಬಸಿಲಿಸಾಳ ಮನೆಗೆ ಹೋದವರ ಕಣ್ಣು ಮೊದಲು ಗೋಡೆಗಳ ಮೇಲೆ ಬೀಳುತ್ತದೆ. ಊಟದ ಕೋಣೆಯಲ್ಲಿ ಹಿಮದ ಬೆಟ್ಟ, ನಡುಮನೆಯಲ್ಲಿ ಹಡಗುಕಟ್ಟೆ, ಮಲಗುವ ಕೋಣೆಯಲ್ಲಿ ಗಾಳಿಗಿರಣಿಗಳ ಸಾಲು, ಬಚ್ಚಲಿನ ಬಾಗಿಲ ಪಕ್ಕ ಒಂದು ಹುಲಿ. ಎಲ್ಲವೂ ಸಾವಿರ, ಎರಡು ಸಾವಿರ ತುಂಡುಗಳ ಪಜಲ್‌ಗಳು. ಜೋಡಿಸಿ, ಅಂಟು ಬಳಿದು, ಕಟ್ಟು ಹಾಕಿಸಿ ತೂಗುಹಾಕಿದ್ದು. ಪ್ರತಿಯೊಂದರ ಬಲಮೂಲೆಯಲ್ಲೂ ಕಪ್ಪು ಶಾಯಿಯಲ್ಲಿ ಒಂದೇ ರುಜು: ಅವೆಲಿನೊ. ಅವೆಲಿನೊ ಅವಳ ಗಂಡ. ಆ ಚಿತ್ರಗಳಲ್ಲಿ ಅವನು ಇಟ್ಟಿದ್ದು ತಲಾ ಒಂದು ತುಂಡು.

ನಾನು ಪಕ್ಕದ ಮನೆಯ ಕಸಿಲ್ದಾ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಹೇಳುತ್ತಾರೆ. ಬೇರೆ ವಿಷಯಗಳಲ್ಲಿ ಅದನ್ನು ತಿದ್ದಿಕೊಳ್ಳಲು ನೋಡಿದ್ದೇನೆ, ಇದರಲ್ಲಿ ಇಲ್ಲ.

ಬಸಿಲಿಸಾ ನಮ್ಮೂರಿನ ಶಾಲೆಯಲ್ಲಿ ಅಡುಗೆಯವಳಾಗಿದ್ದಳು. ಈಗ ಮೀಸೆ ಬಂದಿರುವ ಗಂಡಸರೆಲ್ಲ ಅವಳ ಕೈಯ ಮಸೂರದ ಸಾರು ಉಂಡೇ ಬೆಳೆದವರು. ಮನೆಗೆ ಬಂದು ಅಲ್ಲಿಯೂ ಬೇಯಿಸಿ, ಬಡಿಸಿ, ತೊಳೆದ ಮೇಲೆ ಅವಳಿಗೆಂದು ಉಳಿಯುತ್ತಿದ್ದುದು ಚಳಿ ಕಾಯಲು ಕೆಳಗೆ ಕೆಂಡದ ಬಟ್ಟಲಿಟ್ಟ ಆ ದುಂಡು ಮೇಜು, ಮತ್ತು ಅದರ ಮೇಲೆ ಹರಡಿಕೊಂಡ ಪಜಲ್. ಪ್ರತಿ ಜನವರಿಯಲ್ಲಿ, ಉಡುಗೊರೆ ಕೊಡುವ ಮೂವರು ರಾಜರ ಹಬ್ಬಕ್ಕೆ ಮಕ್ಕಳು ಅವಳಿಗೆ ಒಂದು ಹೊಸ ಡಬ್ಬಿ ಕೊಡುತ್ತಿದ್ದರು. ಡಬ್ಬಿ ಒಡೆದ ಕ್ಷಣದಲ್ಲೇ ಅವೆಲಿನೊ ಕೈ ಹಾಕಿ, ಕಣ್ಣು ಮುಚ್ಚಿ ಒಂದು ತುಂಡು ಎತ್ತಿ ಜೇಬಿಗೆ ಇಳಿಸಿ ಬಾರಿಗೆ ಇಸ್ಪೀಟಾಡಲು ಹೋಗುತ್ತಿದ್ದ. ಚಳಿಗಾಲವಿಡೀ ಬಸಿಲಿಸಾ ಕೂತು ಜೋಡಿಸುವುದು. ಕೊನೆಗೊಂದು ದಿನ ಚಿತ್ರವೆಲ್ಲ ತುಂಬಿ ಒಂದು ಖಾಲಿ ಜಾಗ ಉಳಿಯುತ್ತಿತ್ತು. ಆಗ ಮಕ್ಕಳು, ಅತ್ತೆ, ನಾವು ನೆರೆಯವರು ಎಲ್ಲ ಸೇರಬೇಕು. ಅವೆಲಿನೊ ಗಂಟಲು ಸರಿಮಾಡಿಕೊಂಡು ಜೇಬಿನಿಂದ ತುಂಡು ತೆಗೆದು ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟುವುದು, ದ್ರಾಕ್ಷಾರಸದ ಬಾಟಲಿ ತೆರೆಯುವುದು, ಅವನು ರುಜು ಹಾಕುವುದು. ನಾನೂ ತಟ್ಟಿದ್ದೇನೆ, ಹಲ್ಲು ಕಚ್ಚಿಕೊಂಡು.

ಒಂದು ವರ್ಷ ಹರ್ನಿಯಾ ಆಪರೇಷನ್ನಿಗೆ ಅವನು ವಯ್ಯಾದೊಲಿದ್ ನಗರಕ್ಕೆ ಹೋದಾಗ ತುಂಡು ಕೋಟಿನ ಜೇಬಿನಲ್ಲೇ ಹೋಯಿತು. ಅವನು ಚೇತರಿಸಿಕೊಂಡು ಬರುವ ತನಕ ಮೇಜು ಹಾಗೇ ಇರಬೇಕಲ್ಲ. ಮನೆಮಂದಿಯೆಲ್ಲ ಅಡುಗೆಮನೆಯಲ್ಲಿ ನಿಂತು ಉಂಡರು. ನಿನಗೆ ಮೈ ಉರಿಯುವುದಿಲ್ಲವೇ ಎಂದು ನಾನು ಕೇಳಿದರೆ, ಮಕ್ಕಳಿಗೆ ಅದು ಹಬ್ಬ ಕಣೇ, ಬಿಡು, ಎನ್ನುತ್ತಿದ್ದಳು.

ಮಕ್ಕಳು ದೊಡ್ಡವರಾಗಿ ಬಿಲ್ಬಾವೊ ನಗರ ಸೇರಿದರು. ತುಂಡು ಜೇಬಿಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಅವಳು ನಿವೃತ್ತಳಾದ ವರ್ಷ ಹೊಸದಾಗಿ ಗೆದ್ದ ಊರಿನ ಅಧ್ಯಕ್ಷರು ಅವರ ಮನೆಗೆ ಬಂದು, ಗೋಡೆ ನೋಡಿ, ಇಷ್ಟೆಲ್ಲ ಹೇಗೆ ಮಾಡಿದಿರಿ ಎಂದು ಕೇಳಿದರು. ಕೇಳಿದ್ದು ಅವೆಲಿನೊನನ್ನು. ಅವನು ಕಾಲು ಚಾಚಿಕೊಂಡು, ಮೊದಲು ಅಂಚು ಕಟ್ಟಬೇಕು, ಆಕಾಶವನ್ನು ಕೊನೆಗೆ ಬಿಡಬೇಕು, ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕು ಎಂದು ಪಾಠ ಹೇಳಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಚೀಸ್ ತರಲು ಹೇಳಿದ. ಅವಳು ತಂದಿಟ್ಟಳು. ಇಟ್ಟ ರಭಸಕ್ಕೆ ತಟ್ಟೆ ಬಿರುಕುಬಿಟ್ಟಿತು. ಅಲ್ಲಿಂದ ಏಪ್ರನ್ ಕೂಡ ಬಿಚ್ಚದೆ ನನ್ನ ಬಾಗಿಲಿಗೆ ಬಂದಳು.

"ಪಕ್ಕದೂರಲ್ಲಿ ಪಜಲ್ ಕ್ಲಬ್ಬು ಶುರುವಾಗಿದೆ ಅಂತಿದ್ಯಲ್ಲ, ನಾಳೆನೇ ಹೋಗೋಣ ನಡಿ," ಎಂದಳು.

ಕ್ಲಬ್ಬು ಹಳೆಯ ಧಾನ್ಯದ ಉಗ್ರಾಣದಲ್ಲಿ ನಡೆಯುತ್ತಿತ್ತು. ಅಲ್ಲಿಯದು ಬೇರೆಯೇ ರೀತಿ. ಗಡಿಯಾರ ಇಟ್ಟು ಜೋಡಿಸುತ್ತಾರೆ. ಚಿತ್ರ ಏನೆಂದು ಮೊದಲೇ ಗೊತ್ತಾಗದ ಹಾಗೆ ಡಬ್ಬಿಯನ್ನು ಚೀಲದಲ್ಲಿ ಮುಚ್ಚಿ ಕೊಡುತ್ತಾರೆ. ಮುಗಿದ ಮೇಲೆ ಅಂಟೂ ಇಲ್ಲ, ಕಟ್ಟೂ ಇಲ್ಲ: ಎರಡು ಕೈ ಹಾಕಿ ಚಿತ್ರವನ್ನು ಮುರಿದು ಮತ್ತೆ ಚೀಲಕ್ಕೆ ಸುರಿದುಬಿಡುವುದು. ಮೊದಲ ಸಲ ಮುರಿಯುವಾಗ ಬಸಿಲಿಸಾ ಬೆರಳು ಆಡಿಸಲು ಹಿಂಜರಿದಳು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗೋಡೆಗೆ ಹೋಗದ್ದಕ್ಕೆ ರುಜು ಯಾರು ಹಾಕುತ್ತಾರೆ?

ಅವೆಲಿನೊನಿಗೆ ಇದು ಹಿಡಿಸಲಿಲ್ಲ. ಮುಗಿಸಿದ್ದನ್ನು ಒಡೆಯುವುದು, ಈ ವಯಸ್ಸಿನಲ್ಲಿ ರಟ್ಟಿನ ಜೊತೆ ಓಟದ ಪಂದ್ಯ, ಇದೆಲ್ಲ ತಲೆಕೆಟ್ಟವರ ಕೆಲಸ ಎಂದು ಬಾರಿನಲ್ಲಿ ಹೇಳಿಕೊಂಡು ತಿರುಗಿದ. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ತುಂಡುಗಳನ್ನು ಮೇಲ್ಮುಖ ಮಾಡಿ, ಬಣ್ಣ ಬೇರ್ಪಡಿಸಿ, ಅಂಚು ಕಟ್ಟಿ ಕೊಡುತ್ತಿದ್ದೆ. ಒಳಗಿನದೆಲ್ಲ ಅವಳದು. ಅವಳು ಕೈ ಆಡಿಸುವುದನ್ನು ನೋಡಿದರೆ ಬಟಾಣಿ ಬಿಡಿಸುತ್ತಿದ್ದಾಳೆ ಎನ್ನಬೇಕು, ಅಷ್ಟು ಸಲೀಸು. ಎಲ್ಲೇ ಪಂದ್ಯಕ್ಕೆ ಹೋಗಲಿ, ಕೊನೆಯ ತುಂಡನ್ನು ನಾನು ಅವಳ ಕಡೆಗೇ ದೂಡುತ್ತಿದ್ದೆ.

ಹೀಗಿರುವಾಗ ನಮ್ಮೂರಿನವರೇ ಸೆಪ್ಟೆಂಬರ್ ಹಬ್ಬಕ್ಕೆ ಒಂದು ಜೋಡಿ ಪಂದ್ಯ ಇಟ್ಟರು. ಮೊದಲ ಮೂರು ಜೋಡಿಗಳನ್ನು ವಯ್ಯಾದೊಲಿದ್‌ನ ದೊಡ್ಡ ಪಂದ್ಯಕ್ಕೆ ಕಳಿಸುತ್ತಾರಂತೆ. ಬಸಿಲಿಸಾಳಿಗೆ ಅದು ದೊಡ್ಡದಲ್ಲ.

"ಆ ಗೋಡೆ ಮೇಲಿರೋದೆಲ್ಲ ಅವನೇ ಮಾಡಿದ್ದು ಅಂತ ನಂಬ್ಕೊಂಡಿದಾರಲ್ಲ ಕಸಿಲ್ದಾ, ಅವರೆಲ್ಲರ ಕಣ್ಣೆದುರಿಗೆ ಕೊನೇ ತುಂಡು ನಾನಿಡ್ಬೇಕು. ಅಷ್ಟಾದ್ರೆ ಸಾಕು ನಂಗೆ," ಎಂದಳು.

ಪಂದ್ಯದ ವಾರದಲ್ಲೇ ನಾನು ಅಂಗಳದ ನೀರಿನ ಪೈಪಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದು ಮಣಿಕಟ್ಟು ಮುರಿದುಕೊಂಡೆ. ಕ್ಲಬ್ಬಿನ ಉಳಿದವರಿಗೆಲ್ಲ ಆಗಲೇ ಜೋಡಿ ಇತ್ತು, ಬಿಲ್ಬಾವೊದಲ್ಲಿದ್ದ ಅವಳ ಮಗಳಿಗೆ ರಜೆ ಸಿಗಲಿಲ್ಲ. ಜೋಡಿ ಇಲ್ಲದವರಿಗೆ ಮೇಜಿಲ್ಲ. ಆಗ ಅವೆಲಿನೊ ಮುಂದೆ ಬಂದ. ಗೆಳೆಯರು ಬಾರಿನಲ್ಲಿ ಕೆಣಕಿದ್ದರಂತೆ: ಗೋಡೆಯ ಮೇಲೆ ಹುಲಿ ಸಾಕಿದವನು ಪಂದ್ಯಕ್ಕೆ ಹೆದರುತ್ತಾನೆಯೇ ಎಂದು. ಬಸಿಲಿಸಾ ಷರತ್ತು ಹಾಕಿ ಒಪ್ಪಿದಳು. ತುಂಡು ಮೇಲ್ಮುಖ ಮಾಡಿಕೊಡುವುದಷ್ಟೇ ಅವನ ಕೆಲಸ, ಜೋಡಿಸುವುದಕ್ಕೆ ಕೈ ಹಾಕಕೂಡದು. ಅವನು ಆಗಲಿ ಎಂದ. ಅವಳಿಗೆ ನಂಬಿಕೆ ಬರಲಿಲ್ಲ. ಪಂದ್ಯದ ದಿನ ಅವನು ಸ್ನಾನಕ್ಕೆ ಹೋದಾಗ ಸೂಜಿ ದಾರ ತೆಗೆದುಕೊಂಡು ಅವನ ಪ್ಯಾಂಟು, ಕೋಟು, ಅಂಗಿ ಎಲ್ಲದರ ಜೇಬುಗಳನ್ನೂ ಹೊಲಿದುಬಿಟ್ಟಳು. ಆ ಹೊಲಿಗೆಗೆ ನಾನೇ ದೀಪ ಹಿಡಿದೆ, ಒಳ್ಳೆಯ ಕೈಯಲ್ಲಿ.

ಕ್ರೀಡಾಭವನ ತುಂಬಿತ್ತು. ಜನ ಮೆಟ್ಟಿಲುಗಳ ಮೇಲೆ ಕೂತು ಸೂರ್ಯಕಾಂತಿ ಬೀಜ ಅಗಿದು ಸಿಪ್ಪೆ ಉಗಿಯುತ್ತಿದ್ದರು. ತೀರ್ಪು ಕೊಡಲು ಪಲೆನ್ಸಿಯಾದಿಂದ ಒಬ್ಬ ಹುಡುಗಿ ಬಂದಿದ್ದಳು. ಐನೂರು ತುಂಡುಗಳು, ಒಂದೂವರೆ ಗಂಟೆ. ಸೀಟಿ ಕೂಗಿತು, ಚೀಲಗಳು ಬಿಚ್ಚಿಕೊಂಡವು. ಚಿತ್ರ ಒಂದು ತರಕಾರಿ ಸಂತೆ. ಅವೆಲಿನೊ ಮಾತು ಉಳಿಸಿಕೊಂಡ ಹಾಗೆಯೇ ಕಂಡ: ತುಂಡುಗಳನ್ನು ತಿರುಗಿಸಿ ಹೆಂಡತಿಯತ್ತ ಸರಿಸುತ್ತಿದ್ದ. ಒಮ್ಮೆ ಅವನ ಕೈ ಪ್ಯಾಂಟಿನ ಜೇಬಿನ ಮೇಲೆ ತಡಕಾಡಿದ್ದನ್ನು ನೋಡಿ ನನಗೆ ನಗು ಬಂತು. ಆಮೇಲೆ ತನ್ನ ಬೆರೆಟ್ ಟೋಪಿ ಎತ್ತಿ ತಲೆ ಕೆರೆದುಕೊಂಡ. ಸೆಕೆ ಇತ್ತು, ನಾನು ಏನೂ ಅಂದುಕೊಳ್ಳಲಿಲ್ಲ.

ಬಸಿಲಿಸಾ ತಲೆ ಎತ್ತಲೇ ಇಲ್ಲ. ಟೊಮೆಟೊ, ಕುಂಬಳಕಾಯಿ, ಅಂಗಡಿಯ ಪಟ್ಟೆ ಚಪ್ಪರ, ಎಲ್ಲ ಅವಳ ಕೈಕೆಳಗೆ ಏಳುತ್ತಾ ಹೋದವು. ಪಟ್ಟಣದ ಎರಡು ಜೋಡಿಗಳು ಮೊದಲೇ ಮುಗಿಸಿದವು. ಉಳಿದಿದ್ದು ಮೂರನೆಯ ಸ್ಥಾನ, ಅದಕ್ಕೆ ಹತ್ತಿರ ಇದ್ದವಳು ಇವಳೊಬ್ಬಳೇ. ಜನ ಎದ್ದು ನಿಂತರು. ಆಕಾಶ ಕೂಡಿತು. ಆಮೇಲೆ ಅವಳ ಕೈ ಮೇಜಿನ ಮೇಲೆ ಸುಮ್ಮನೆ ಸುತ್ತಾಡಿತು. ಒಂದು ಜಾಗ ಖಾಲಿ, ತುಂಡಿಲ್ಲ. ಅವಳು ಬಗ್ಗಿ ನೆಲ ನೋಡಿದಳು, ಚೀಲ ಕೊಡವಿದಳು, ತೋಳು ತಡವಿದಳು. ಆಮೇಲೆ ಗಂಡನ ಮುಖ ನೋಡಿದಳು.

ಅವೆಲಿನೊ ಎದ್ದು ನಿಂತ. ಮೆಟ್ಟಿಲುಗಳತ್ತ ತಿರುಗಿ ಟೋಪಿ ತೆಗೆದು ನಮಸ್ಕಾರ ಮಾಡಿದ. ಟೋಪಿಯೊಳಗೆ ತುಂಡಿತ್ತು. ಬಾರಿನ ಗೆಳೆಯರು ಗುಲ್ಲೆಬ್ಬಿಸಿದರು, ಇಡು ಅವೆಲಿನೊ ಇಡು ಎಂದು. ಪ್ಲಾಸ್ಟರ್ ಇಲ್ಲದಿದ್ದರೆ ನಾನು ಇಳಿದು ಹೋಗಿ ಅವನ ಕಪಾಳಕ್ಕೆ ಬಿಗಿಯುತ್ತಿದ್ದೆ, ಇದರಲ್ಲಿ ಅನುಮಾನವಿಲ್ಲ. ಓಡಿ ಬಂದ ತೀರ್ಪಿನ ಹುಡುಗಿ ಗಡಿಯಾರ ನೋಡಿ, ಹೀಗೆ ಮಾಡಬಾರದಿತ್ತು, ಆದರೂ ಹಬ್ಬದ ಪಂದ್ಯ, ಸಮಯ ಇದೆ, ಇಟ್ಟರೆ ಮೂರನೇ ಸ್ಥಾನ ಕೊಡುತ್ತೇನೆ ಎಂದಳು.

ಬಸಿಲಿಸಾ ಆ ಖಾಲಿ ಜಾಗದ ಮೇಲೆ ಅಂಗೈ ಒತ್ತಿ ಕೂತಳು.

"ಕೈ ತೆಗಿಯೇ, ಹೊತ್ತಾಗ್ತಿದೆ," ಎಂದ ಅವೆಲಿನೊ.

"ತೆಗಿಯಲ್ಲ."

"ತಮಾಷೆಗೆ ಮಾಡಿದ್ದು ಮಾರಾಯ್ತಿ. ಯಾವಾಗ್ಲೂ ಮಾಡೋದೇ ಅಲ್ವಾ?"

"ಹೌದು. ಯಾವಾಗ್ಲೂ ಮಾಡೋದೇ."

ಅವನಿಗೆ ಆಗ ಅರ್ಥವಾಗತೊಡಗಿತು ಅನ್ನಿಸುತ್ತದೆ. ಅವಳ ಮುಂದೆ ಬಗ್ಗಿ, ದನಿ ಇಳಿಸಿ, ತುಂಡನ್ನು ಚಾಚಿದ. "ಸರಿ, ನೀನೇ ಇಡು. ತಗೋ."

ಅವಳು ಬಯಸಿದ್ದು ಅದೇ ಅಲ್ಲವೇ: ಊರಿನ ಕಣ್ಣೆದುರು, ಅವಳ ಕೈಯಲ್ಲಿ, ಕೊನೆಯ ತುಂಡು. ತಗೋ ಬಸಿಲಿಸಾ, ತಗೊಂಡುಬಿಡು ಎಂದು ನಾನೇ ಕೂಗಲಿದ್ದೆ.

"ನೀನು ಕೊಟ್ಟಿದ್ದನ್ನ ಇಸ್ಕೊಂಡು ಇಡೋಕೆ ನಾನಿಲ್ಲಿಗೆ ಬಂದಿಲ್ಲ ಅವೆಲಿನೊ," ಎಂದಳು. ದನಿ ಏರಿಸಲಿಲ್ಲ. ಶಾಲೆಯ ಊಟದ ಮನೆಯಲ್ಲಿ ನೂರು ಮಕ್ಕಳ ಗಲಾಟೆಯ ನಡುವೆ ಕೇಳಿಸಿ ಅಭ್ಯಾಸವಾದ ದನಿ, ಮೇಲಿನ ಮೆಟ್ಟಿಲಿನವರಿಗೂ ಮುಟ್ಟಿತು.

ಪಕ್ಕದ ಮೇಜಿನ ಜೋಡಿ ಮುಗಿಸಿತು. ಮೂರನೆಯ ಸ್ಥಾನ ಹೋಯಿತು. ಅವಳು ಕೈ ತೆಗೆಯಲಿಲ್ಲ. ನಾಲ್ಕನೆಯವರು, ಐದನೆಯವರು ಮುಗಿಸಿದರು. ಅವೆಲಿನೊ ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ತುಂಡು ಹಿಡಿದು ನಿಂತೇ ಇದ್ದ. ಇಟ್ಟುಕೊಳ್ಳಲು ಜೇಬಿರಲಿಲ್ಲ. ಕೂಗುತ್ತಿದ್ದವರು ಒಬ್ಬೊಬ್ಬರಾಗಿ ಬೀಜ ಅಗಿಯುವುದನ್ನು ಕೂಡ ನಿಲ್ಲಿಸಿದರು. ಕೊನೆಯ ಸೀಟಿ ಊದುವವರೆಗೂ ಅವಳು ಹಾಗೆಯೇ ಕೂತಿದ್ದಳು.

ಮುಗಿಸದವರ ಮೇಜಿಗೆ ಬಂದು ಎಷ್ಟು ತುಂಡು ಕೂಡಿದೆ ಎಂದು ನೋಡಿ, ಅದನ್ನು ಮೈಕಿನಲ್ಲಿ ಹೇಳುವುದು ಪದ್ಧತಿ. ಹುಡುಗಿ ಬಂದಾಗ ಬಸಿಲಿಸಾ ಕೈ ಎತ್ತಿದಳು. ಅಂಗೈ ಮೇಲೆ ಆ ಖಾಲಿ ಜಾಗದ ಅಚ್ಚು ಮೂಡಿತ್ತು.

"ಇಬ್ಬರ ಹೆಸರು ಒಟ್ಟಿಗೆ ಓದ್ಬೇಡಮ್ಮ," ಎಂದಳು. "ಬೇರೆ ಬೇರೆ ಓದು. ಯಾರು ಎಷ್ಟಿಟ್ರು ಅಂತ. ನೀನೇ ನೋಡಿದ್ದೀಯಲ್ಲ."

ಹಾಗೆ ಓದುವ ರೂಢಿ ಇಲ್ಲ ಎಂದು ಹುಡುಗಿ ತೊದಲಿದಳು. ಬಸಿಲಿಸಾ ಚಿತ್ರವನ್ನು ಮುರಿಯತೊಡಗಿದಳು, ಸಂತೆಯನ್ನೆಲ್ಲ ಬಾಚಿ ಚೀಲಕ್ಕೆ ತುಂಬಿದಳು, ಚೀಲದ ಬಾಯಿ ಅಗಲಿಸಿ ಗಂಡನ ಮುಂದೆ ಹಿಡಿದಳು. ಅವನು ತುಂಡನ್ನು ಅದರೊಳಗೆ ಹಾಕಿದ. ಹುಡುಗಿ ಇದನ್ನು ನೋಡುತ್ತಾ ನಿಂತಿದ್ದಳು. ಆಮೇಲೆ ಮೈಕಿನ ಹತ್ತಿರ ಹೋಗಿ, ಉಳಿದ ಜೋಡಿಗಳನ್ನೆಲ್ಲ ಓದಿ, ಕಡೆಯದಕ್ಕೆ ಬಂದು ನೀರು ಕುಡಿದಳು.

"ಬಸಿಲಿಸಾ," ಎಂದು ಓದಿದಳು. "ನಾನೂರ ತೊಂಬತ್ತೊಂಬತ್ತು. ಅವೆಲಿನೊ, ಒಂದೂ ಇಲ್ಲ."

ಭವನದಲ್ಲಿ ಯಾರೂ ನಗಲಿಲ್ಲ. ಅಧ್ಯಕ್ಷರು ಮುಂದಿನ ಸಾಲಿನಲ್ಲೇ ಕೂತಿದ್ದರು. ಈ ಸಲ ಅವರು ತಿರುಗಿ ನೋಡಿದ್ದು ಬಸಿಲಿಸಾಳನ್ನು.