ಡ್ರೋನಿಗೆ ಕಟ್ಟಿದ ನಿಂಬೆಹಣ್ಣು

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಶಿರಗುಪ್ಪಿಯಲ್ಲಿ ಕಬ್ಬಿಗೆ ಔಷಧ ಹೊಡೆಯುವ ಡ್ರೋನ್ ನಮ್ಮ ಮಹಿಳಾ ಸಂಘದ್ದು. ಹಾರಿಸಲು ಕಲಿತವಳು ನಾನೊಬ್ಬಳೇ. ಎಬ್ಬಿಸುವ ಮೊದಲು ಆರೂ ಪಂಖಾಗಳನ್ನು ಕೈಯಿಂದ ಸವರಿ ನೋಡಬೇಕೆಂದು ಕಲಿಸಿದ್ದರು. ಒಂದು ದಿನವೂ ತಪ್ಪಿಸಿಲ್ಲ. ಆದರೆ ಅಮಾವಾಸ್ಯೆ ಬಂತೆಂದರೆ ಅತ್ತೆಯ ಕಾಟ. ಟ್ರ್ಯಾಕ್ಟರ್‌ಗೆ, ಬೈಕಿಗೆ ನಿಂಬೆಹಣ್ಣು, ಮೆಣಸಿನಕಾಯಿ ತಂತಿಗೆ ಪೋಣಿಸಿ ಕಟ್ಟುವ ಹಾಗೆ ಇದಕ್ಕೂ ಕಟ್ಟಲು ಬರುತ್ತಾರೆ.

"ಅತ್ತಿ, ಇದಕ್ಕ ಬ್ಯಾಡ್ರಿ. ಇದು ಹಾರೂದು."

"ಹಾರತೈತಿ ಅಂತನ ದೃಷ್ಟಿ ಜಾಸ್ತಿ ಯವ್ವಾ. ಊರ ಮಂದಿ ಕಣ್ಣೆಲ್ಲಾ ನಿನ್ನ ಮ್ಯಾಲ ಐತಿ."

ಈ ಸಲ ಕಟ್ಟಿಯೇ ಬಿಟ್ಟರು. ಅವರೆದುರೇ ಬಿಚ್ಚಿ ಒಗೆದೆ. ಪಂಖಾ ಸವರಿ ನೋಡಿದೆ. ಬದುವಿನ ಹತ್ತಿರ ಯಾರೂ ಸುಳಿಯಬೇಡಿ ಎಂದು ಎಲ್ಲರಿಗೂ ಹೇಳಿ, ಔಷಧ ಕಲಸಲು ಬಾವಿಯ ಕಡೆ ಹೋದೆ. ಬಂದವಳೇ ಡ್ರೋನ್ ಎಬ್ಬಿಸಿದೆ. ಈಗಷ್ಟೇ ನೋಡಿದ್ದೇನಲ್ಲ, ಮತ್ತೇನು ನೋಡುವುದು ಎಂಬ ಸೊಕ್ಕು ನನಗೆ! ಅರ್ಧ ಸಿಟ್ಟು ಅದಕ್ಕೇ.

ಕಬ್ಬಿನ ಮೇಲೆ ಹೋಯಿತು, ಬದುವಿನ ಮೇಲೆ ತಿರುಗಿತು, ನೆಟ್ಟಗೆ ಬಂದು ಇಳಿಯಿತು. ಏನೂ ಅನಿಸಲಿಲ್ಲ. ಬ್ಯಾಟರಿ ಬದಲಿಸಲು ಕೈ ಹಾಕಿದರೆ ಬೆರಳು ಚರ್ರನೆ ಕೊಯ್ದುಹೋಯಿತು. ಒಂದು ಪಂಖಾದ ತುದಿಯೇ ಇಲ್ಲ! ಬಗ್ಗಿ ನೋಡಿದೆ. ಆ ಪಂಖಾ ಹೊತ್ತ ತೋಳಿನ ಅಡಿಗೆ, ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ತಂತಿ. ಸಡಿಲಾಗಿ ಪಂಖಾಕ್ಕೆ ಬಡಿದಿತ್ತು. ತಂತಿಯಲ್ಲಿ ಇನ್ನೂ ಒಂದು ಮೆಣಸಿನಕಾಯಿ ಉಳಿದಿತ್ತು. ನಾನು ಬಾವಿಗೆ ಹೋದದ್ದೇ ತಡ, ಮತ್ತೆ ಕಟ್ಟಿದ್ದಾರೆ.

"ಅತ್ತೀ!" ಎಂದು ಒದರಿದೆ.

ಬದುವಿನ ಕಡೆಯಿಂದಲೇ ಬಂದರು, ತಲೆಯ ಮೇಲೆ ಹಸಿ ಹುಲ್ಲಿನ ಹೊರೆ. ಬೇಡವೆಂದ ಜಾಗದಲ್ಲೇ ಹುಲ್ಲು ಕೊಯ್ದು ಹೊತ್ತಿದ್ದರು. ಹೊರೆ ಇಳಿಸಿಕೊಂಡೆ. ಅವರ ನೆತ್ತಿಗೆ ತಾಗಿದ್ದ ಕಡೆಯಿಂದ ನಾಲ್ಕು ಬೆರಳು ಮೇಲಕ್ಕೆ, ಹುಲ್ಲಿನಲ್ಲಿ ಪಂಖಾದ ಕರಿ ಚೂರು ನಾಟಿತ್ತು.

ಕಿತ್ತು ತೋರಿಸಿದೆ. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡರು.

"ನೋಡಿದಿ? ನಿಂಬಿಹಣ್ಣ ಕಟ್ಟಿದ್ದಕ್ಕ ನನ್ನ ತಲಿ ಉಳೀತು."

ನನ್ನ ಕೂಗಿಗೆ ನೆರೆದಿದ್ದ ಹೆಂಗಸರು "ಹೌದ್ರಿ, ಹೌದ್ರಿ" ಎಂದರು. ನನಗೆ ಮೈಯೆಲ್ಲ ಉರಿದು ಹೋಯಿತು.

"ಅದ ನಿಂಬಿಹಣ್ಣ ನಿಮ್ಮ ತಲಿ ತಗೀತಿತ್ತು! ನಾನ ನಿಮ್ಮನ್ನ ಕೊಲ್ಲತಿದ್ನಲ್ರಿ!"

ಚೀರುತ್ತಲೇ ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಪಂಖಾ ನೋಡುವ ಹಾಗೆ ಸವರಿ ಸವರಿ ನೋಡುತ್ತಿದ್ದೆ. ಬಿಳಿ ಕೂದಲಿಗೆಲ್ಲ ರಕ್ತ ಹತ್ತಿತು. ಅತ್ತೆ ತಲೆ ಮುಟ್ಟಿಕೊಂಡು ಕೈ ನೋಡಿದರು. ಅದು ನನ್ನ ಬೆರಳಿನ ರಕ್ತವೆಂದು ನಾನು ಕೂಡಲೇ ಹೇಳಲಿಲ್ಲ.